ಅಮ್ಮನ ವೋಟು ಯಾರಿಗೆ?

ಮಗಳ ಆಫೀಸಿನಲ್ಲಿ ಕ್ವಿಜ್ ನಡೆಯಿತಂತೆ. ‘ಇಂದಿರಾ ಗಾಂಧಿ ಕರ್ನಾಟಕದ ಯಾವ ಲೋಕಸಭಾ ಕ್ಷೇತ್ರದಿಂದ ಗೆದ್ದಿದ್ದರು?’ ಅನ್ನೋದು ಒಂದು ಪ್ರಶ್ನೆ. ಇವಳು ಎಲ್ಲರಿಗಿಂತ ಮೊದಲು ಕೈಯೆತ್ತಿ ‘ಬಳ್ಳಾರಿ’ ಅಂದುಬಿಟ್ಟಳಂತೆ. ರಾತ್ರಿ ಊಟಕ್ಕೆ ಕೂತಾಗ ಅದನ್ನು ಹೇಳಿ ತಾನೇ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ‘ಬಳ್ಳಾರಿಯಲ್ಲಿ ಗೆದ್ದಿದ್ದು ಸೊಸೆ ಕಣೇ, 1999ರಲ್ಲಿ. ಅತ್ತೆ ಗೆದ್ದಿದ್ದು ನಮ್ಮೂರಲ್ಲಿ, ಚಿಕ್ಕಮಗಳೂರಲ್ಲಿ. ಆ ಒಂದು ಚುನಾವಣೆಯಿಂದ ನಿನ್ನ ಚಿಕ್ಕಜ್ಜ ಹನ್ನೊಂದು ವರ್ಷ ಮನೆಗೆ ಸರಿಯಾಗಿ ಬರಲಿಲ್ಲ, ಗೊತ್ತಾ?’ ಅಂದೆ. ಅವಳು ತುತ್ತು ಕೈಯಲ್ಲಿ ಹಿಡಿದುಕೊಂಡೇ ‘ಹೌದಾ? ಯಾಕೆ?’ ಅಂದಳು.

ಆ ‘ಯಾಕೆ’ಗೆ ಉತ್ತರ ಹೇಳೋಕೆ ಹೋಗಿ ಸಾರು ತಣ್ಣಗಾಯಿತು. ಅವತ್ತು ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ. ಅವಳು ಅರ್ಧಕ್ಕೇ ಫೋನ್ ನೋಡೋಕೆ ಶುರು ಮಾಡಿದ್ದರಿಂದ ಉಳಿದರ್ಧ ಬಾಕಿ ಇದೆ.

ನಮ್ಮೂರು ಕೊಪ್ಪ ತಾಲ್ಲೂಕಿನಲ್ಲಿ. ಮನೆ ಅಂದರೆ ಅಜ್ಜಿ, ಅಪ್ಪ, ಅಮ್ಮ, ನಾವು ಐದು ಜನ ಮಕ್ಕಳು, ಮತ್ತೆ ಚಿಕ್ಕಪ್ಪ. ನಾನೇ ಕೊನೆಯವಳು. ಚಿಕ್ಕಪ್ಪ ಅಪ್ಪನಿಗಿಂತ ಇಪ್ಪತ್ತು ವರ್ಷಕ್ಕೂ ಚಿಕ್ಕವರು. ಅಮ್ಮ ಮದುವೆಯಾಗಿ ಬಂದಾಗ ಅವರಿಗೆ ಮೂರು ವರ್ಷವಂತೆ. ಅಜ್ಜಿಗೆ ಆಗ ಮೈ ಹುಷಾರಿರಲಿಲ್ಲ. ಹಾಗಾಗಿ ಮೀಯಿಸಿ, ಉಣ್ಣಿಸಿ, ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದ್ದೆಲ್ಲ ಅಮ್ಮನೇ. ಹೆಸರಿಗೆ ಮೈದುನ, ಲೆಕ್ಕಕ್ಕೆ ಮೊದಲ ಮಗ. ಈ ಮಾತು ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಕ್ಷೇತ್ರದ ಕತೆ ಮೊದಲು ಸ್ವಲ್ಪ ಹೇಳಿಬಿಡ್ತೀನಿ. ದೇಶದ ಮೊದಲ ಚುನಾವಣೆಯಲ್ಲಿ ಚಿಕ್ಕಮಗಳೂರಿಗೆ ಸ್ವಂತ ಕ್ಷೇತ್ರ ಇರಲಿಲ್ಲ. ಹಾಸನದ ಜೊತೆ ಸೇರಿಸಿದ್ದರು. ಎಚ್. ಸಿದ್ದನಂಜಪ್ಪ ಗೆದ್ದಿದ್ದರು. 1967ರಲ್ಲಿ ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಎಂ. ಹುಚ್ಚೇಗೌಡರು. ಎಲ್ಲ ಕಡೆ ಕಾಂಗ್ರೆಸ್ ಅಂದರೆ ಕಾಂಗ್ರೆಸ್ ಅನ್ನುವ ಕಾಲದಲ್ಲಿ ನಮ್ಮಲ್ಲಿ ಸಮಾಜವಾದಿಯೊಬ್ಬರು ಗೆದ್ದಿದ್ದು ಆಶ್ಚರ್ಯ ಅನ್ನಿಸಬಹುದು. ಆದರೆ ಪಕ್ಕದ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರ ಹೋರಾಟ ನಡೆದಿತ್ತು, ಶಾಂತವೇರಿ ಗೋಪಾಲಗೌಡರ ಮಾತು ಇಡೀ ಮಲೆನಾಡಿನಲ್ಲಿ ಓಡಾಡುತ್ತಿತ್ತು. ಚಿಕ್ಕಪ್ಪ ಆ ಗಾಳಿ ಕುಡಿದೇ ಬೆಳೆದವರು. 1971 ಮತ್ತು 1977ರಲ್ಲಿ ಗೆದ್ದವರು ಕಾಂಗ್ರೆಸ್ಸಿನ ಡಿ.ಬಿ. ಚಂದ್ರೇಗೌಡರು, ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರು. ಮೊದಲು ಅವರೂ ಸಮಾಜವಾದಿಯೇ.

1977 ಅಂದರೆ ತುರ್ತುಪರಿಸ್ಥಿತಿ ಮುಗಿದು ನಡೆದ ಚುನಾವಣೆ. ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಕೊಂಡು ಹೋಯಿತು. ರಾಯ್‌ಬರೇಲಿಯಲ್ಲಿ ಸ್ವತಃ ಇಂದಿರಾ ಗಾಂಧಿಯವರೇ ರಾಜ್‌ನಾರಾಯಣ್ ಎದುರು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ನಮ್ಮ ರಾಜ್ಯದಲ್ಲಿ ಮಾತ್ರ 28ಕ್ಕೆ 26 ಕಾಂಗ್ರೆಸ್ಸಿಗೇ. ಯಾಕೆ ಅಂತ ದೊಡ್ಡವರು ಏನೇನೋ ಬರೆದಿದ್ದಾರೆ. ನನ್ನ ಅಪ್ಪನನ್ನು ಕೇಳಿದ್ದರೆ ಒಂದೇ ಮಾತಲ್ಲಿ ಹೇಳುತ್ತಿದ್ದರು: ‘ಡಿಕ್ಲರೇಷನ್.’

ಡಿಕ್ಲರೇಷನ್ ಅಂದರೆ ಏನು ಅಂತ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣೆ ಕಾನೂನು ತಿದ್ದುಪಡಿಯಾಗಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂತು. ಗೇಣಿ ಜಮೀನೆಲ್ಲ ಅವತ್ತಿಗೆ ಸರ್ಕಾರದ್ದಾಯಿತು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿ ಮುಂದೆ ನಿಂತು, ಇದನ್ನು ಉಳುತ್ತಾ ಇದ್ದವನು ನಾನೇ ಅಂತ ತೋರಿಸಿದರೆ ಭೂಮಿ ಅವನ ಹೆಸರಿಗೆ. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಷನ್ ಕೊಡೋದು’ ಅಂತಲೇ ಹೆಸರು. ಅಜ್ಜನ ಕಾಲದಿಂದ ಧಣಿಗಳ ಮನೆಗೆ ವರ್ಷ ವರ್ಷ ಭತ್ತ ಅಳೆದು ಹೊತ್ತು ಹಾಕಿದ್ದ ಅಪ್ಪ ಹೆದರಿ ಹೆದರಿ ಡಿಕ್ಲರೇಷನ್ ಕೊಟ್ಟರು. ಕೊಟ್ಟ ಮೇಲೆ ಒಂದು ವರ್ಷ ಧಣಿಗಳ ಮನೆ ಎದುರಿನ ದಾರಿ ಬಿಟ್ಟು ತೋಟದ ಒಳಗಿಂದ ಸುತ್ತಿ ಬರುತ್ತಿದ್ದರಂತೆ. ಮೂರೂವರೆ ಎಕರೆ ಗದ್ದೆ ನಮ್ಮದಾಯಿತು ಅನ್ನುವ ಆದೇಶ ಕೈಗೆ ಬಂದಿದ್ದು 1978ರ ಮಾರ್ಚಿನಲ್ಲಿ. ಅಜ್ಜಿ ಆ ಕಾಗದವನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದ್ದು ನನಗೆ ನೆನಪಿದೆ. ಕುಂಕುಮದ ಕಲೆ ಈಗಲೂ ಅದರ ಮೇಲಿದೆ.

ಇದು ಒಂದು ಕಡೆ. ಇನ್ನೊಂದು ಕಡೆ ಚಿಕ್ಕಪ್ಪ. ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದವರು ತುರ್ತುಪರಿಸ್ಥಿತಿಯಲ್ಲಿ ಕರಪತ್ರ ಹಂಚಿದರು ಅಂತ ಸಿಕ್ಕಿಬಿದ್ದು ಏಳು ತಿಂಗಳು ಜೈಲಲ್ಲಿದ್ದರು. ಅಮ್ಮ ಅಕ್ಕಿ ರೊಟ್ಟಿ, ಚಟ್ನಿ ಪುಡಿ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಹೋಗಿ, ಭೇಟಿ ಸಿಗದೆ ಗೇಟಿನಿಂದ ವಾಪಸ್ ಬಂದಿದ್ದರು. ಬಿಡುಗಡೆಯಾಗಿ ಬಂದಾಗ ಚಿಕ್ಕಪ್ಪನ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ರಾತ್ರಿಯೆಲ್ಲ ಕೆಮ್ಮು. ಪರೀಕ್ಷೆ ತಪ್ಪಿಹೋಗಿತ್ತು. ಅಮ್ಮ ಕಾಳುಮೆಣಸಿನ ಕಷಾಯ ಹಿಡಿದುಕೊಂಡು ರಾತ್ರಿ ಎರಡು ಸಲ ಏಳೋರು.

ಭೂಮಿ ಕೊಟ್ಟ ಪಕ್ಷ, ಮೈದುನನನ್ನು ಜೈಲಿಗೆ ಹಾಕಿದ ಪಕ್ಷ ಎರಡೂ ಒಂದೇ. ಆ ಪಕ್ಷದ ನಾಯಕಿಯೇ ಅದೇ ವರ್ಷ ನಮ್ಮ ಬಾಗಿಲಿಗೆ ಬಂದು ನಿಂತರು.

ಇಂದಿರಾ ಗಾಂಧಿಯವರಿಗೆ ಸಂಸತ್ತಿಗೆ ವಾಪಸ್ ಹೋಗೋಕೆ ಒಂದು ಗಟ್ಟಿ ಕ್ಷೇತ್ರ ಬೇಕಿತ್ತು. ಪಕ್ಷ ಆಗಲೇ ಒಡೆದು ಇಂದಿರಾ ಕಾಂಗ್ರೆಸ್ ಆಗಿತ್ತು, ಹಸು-ಕರು ಹೋಗಿ ಹಸ್ತದ ಗುರುತು ಬಂದಿತ್ತು. ಫೆಬ್ರವರಿಯಲ್ಲಿ ಅರಸು ಅದೇ ಪಕ್ಷದಿಂದ ವಿಧಾನಸಭೆ ಗೆದ್ದು ಮತ್ತೆ ಮುಖ್ಯಮಂತ್ರಿಯಾಗಿದ್ದರು. ಚಂದ್ರೇಗೌಡರು ಗೆದ್ದು ಒಂದೂವರೆ ವರ್ಷವಷ್ಟೇ ಆಗಿದ್ದ ಸೀಟಿಗೆ ರಾಜೀನಾಮೆ ಕೊಟ್ಟರು. ಎದುರಾಳಿ ಯಾರು ಅನ್ನೋದೇ ಒಂದು ತಿಂಗಳ ಸುದ್ದಿ. ಡಾ. ರಾಜ್‌ಕುಮಾರ್ ಅವರನ್ನೇ ನಿಲ್ಲಿಸಬೇಕು ಅನ್ನುವ ಒತ್ತಾಯ ಜೋರಾಗಿತ್ತು, ಅವರು ಒಪ್ಪಲಿಲ್ಲ. ಒಪ್ಪಿದ್ದಿದ್ದರೆ ನಮ್ಮ ಮನೆಯ ಜಗಳ ಎರಡರ ಬದಲು ಮೂರು ಪಾಲಾಗುತ್ತಿತ್ತು. ಯಾಕಂದರೆ ಅಜ್ಜಿಗೆ ರಾಜ್‌ಕುಮಾರ್ ಅಂದರೆ ದೇವರು. ಕೊನೆಗೆ ಜನತಾ ಪಕ್ಷದಿಂದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಂತರು. ದೂರದ ಚಿಂಚೋಳಿಯವರು. ಸಭ್ಯರು, ಒಳ್ಳೆ ಆಡಳಿತಗಾರ ಅನ್ನುವ ಹೆಸರಿತ್ತು.

ಆಮೇಲಿನ ಕೆಲವು ವಾರ ನಮ್ಮ ಕಾಡೂರುಗಳು ಜಾತ್ರೆಯಾದವು. ಕೇಂದ್ರ ಮಂತ್ರಿ ಜಾರ್ಜ್ ಫರ್ನಾಂಡಿಸ್, ಮಂಗಳೂರಿನವರೇ ಆದ್ದರಿಂದ ಕನ್ನಡದಲ್ಲೇ ಭಾಷಣ ಮಾಡುತ್ತಾ ಪಾಟೀಲರ ಪರ ಓಡಾಡಿದರು. ದೆಹಲಿಯ ಪತ್ರಕರ್ತರು, ಕ್ಯಾಮೆರಾ ನೇತುಹಾಕಿಕೊಂಡ ಪರದೇಶದವರು ಬಂದರು. ಎಸ್ಟೇಟುಗಳ ಲೈನು ಮನೆಗಳ ಮುಂದೆ ಜೀಪು ನಿಂತವು. ಕಾಂಗ್ರೆಸ್ಸಿನವರ ಹಿಂದಿ ಘೋಷಣೆಯೊಂದು ದೇಶಕ್ಕೆಲ್ಲ ಹಬ್ಬಿತು. ಒಂದು ಹೆಣ್ಣು ಸಿಂಹದ ಎದುರು ನೂರು ಮುಸುವಗಳು ಅಂತ ಅದರ ಅರ್ಥ. ಹಿಂದಿ ಕವಿ ಶ್ರೀಕಾಂತ ವರ್ಮಾ ಬರೆದದ್ದಂತೆ. ಮುಸುವಕ್ಕೂ ಚಿಕ್ಕಮಗಳೂರಿಗೂ ಪ್ರಾಸ ಕೂಡಿಬಂದಿತ್ತು. ಅರ್ಥ ಕೇಳಿ ತಿಳಿದುಕೊಂಡ ಅಜ್ಜಿ, ‘ನೂರು ಮುಸುವ ತೋಟಕ್ಕೆ ಇಳಿದ್ರೆ ಸಿಂಹ ಎಂತ ಮಾಡ್ತದೆ ಮಾರಾಯ? ಬಾಳೆಗೊನೆ ಉಳಿಸ್ತದಾ?’ ಅಂದಿದ್ದರು. ಮಂಗನ ಕಾಟ ಕಂಡವರಿಗೆ ಮಾತ್ರ ಗೊತ್ತಾಗುವ ರಾಜಕೀಯ ಅದು.

ಇಂದಿರಾ ಗಾಂಧಿಯವರನ್ನು ನೋಡೋಕೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ರಸ್ತೆಗೆ ಕರೆದುಕೊಂಡು ಹೋಗಿದ್ದರು. ಮೂರು ಗಂಟೆ ಕಾದೆವು. ಕಾರುಗಳು ಬಂದವು, ಕೂಗು ಎದ್ದಿತು, ನನಗೆ ಕಂಡಿದ್ದು ಕಿಟಕಿಯಿಂದ ಹೊರಗೆ ಚಾಚಿದ ಒಂದು ಬಿಳಿ ಕೈ, ಅಷ್ಟೇ. ‘ನೋಡಿದ್ಯಾ? ನೋಡಿದ್ಯಾ?’ ಅಂತ ಅಪ್ಪ ಕೇಳಿದ್ದಕ್ಕೆ ‘ಹಸ್ತದ ಗುರುತು ನೋಡಿದೆ’ ಅಂದೆನಂತೆ. ಅದನ್ನು ಸಾಯೋವರೆಗೂ ಹೇಳಿ ನಗುತ್ತಿದ್ದರು.

ಮತದಾನ ನವೆಂಬರ್ 5, ಭಾನುವಾರ. ಹಿಂದಿನ ರಾತ್ರಿ ನಮ್ಮ ಮನೆಯ ಊಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಚಿಕ್ಕಪ್ಪ ಮಧ್ಯಾಹ್ನವೆಲ್ಲ ಪಾಟೀಲರ ಚೀಟಿ ಹಂಚಿ ಬಂದಿದ್ದರು. ಎಲೆಗೆ ಅನ್ನ ಬಿದ್ದಿತ್ತು. ಅಪ್ಪ ಸುಮ್ಮನೆ ಇರಬಹುದಿತ್ತು. ಚಿಕ್ಕಪ್ಪನೂ ಸುಮ್ಮನೆ ಇರಬಹುದಿತ್ತು. ‘ಅಣ್ಣ, ನನ್ನನ್ನ ಒಳಗೆ ಹಾಕಿದವಳಿಗೆ ನೀನು ಜೈಕಾರ ಹಾಕ್ತೀಯಲ್ಲ, ನಿಂಗೆ ಏನೂ ಅನ್ಸಲ್ವಾ?’ ಅಂದರು. ಅಪ್ಪನ ಸಿಟ್ಟು ನೆತ್ತಿಗೇರಿತು. ‘ನೀನು ಈಗ ಉಣ್ತಾ ಇರೋದು ಯಾವ ಗದ್ದೆ ಅಕ್ಕಿ ಗೊತ್ತಿದೆಯಾ?’ ಅಂದುಬಿಟ್ಟರು.

ಚಿಕ್ಕಪ್ಪ ಎಲೆ ಮುಂದಿನಿಂದ ಎದ್ದರು. ಉಣ್ಣುವವರು ಅರ್ಧಕ್ಕೆ ಎದ್ದರೆ ನಮ್ಮ ಕಡೆ ಅದಕ್ಕಿಂತ ದೊಡ್ಡ ಮಾತು ಬೇರೆ ಇಲ್ಲ. ಅಮ್ಮ ಸಾರಿನ ಸೌಟು ಹಿಡಿದು ನಿಂತಿದ್ದವರು ನಿಂತೇ ಇದ್ದರು.

ಬೆಳಿಗ್ಗೆ ಎಲ್ಲರೂ ವೋಟು ಹಾಕೋಕೆ ಹೊರಟರು. ಶಾಲೆಯ ನಮ್ಮ ಮೂರನೇ ಕ್ಲಾಸಿನ ಕೋಣೆಯೇ ಬೂತು. ನಾನೂ ಹಿಂದೆ ಹೋದೆ. ಆಗೆಲ್ಲ ಕಾಗದದ ಮತಪತ್ರ. ಹಸ್ತವೋ, ನೇಗಿಲು ಹೊತ್ತ ರೈತನೋ, ಬೇಕಾದ್ದರ ಮೇಲೆ ಠಸ್ಸೆ ಒತ್ತಿ, ಮಡಿಸಿ, ಕಬ್ಬಿಣದ ಪೆಟ್ಟಿಗೆಗೆ ಹಾಕಬೇಕು. ಅಪ್ಪ ಹೋಗಿ ಬಂದರು. ಅಜ್ಜಿ ಹೋಗಿ ಬಂದರು. ಅಮ್ಮ ಗೋಣಿ ತಟ್ಟಿನ ಮರೆಗೆ ಹೋದವರು ಎಷ್ಟೋ ಹೊತ್ತು ಬರಲೇ ಇಲ್ಲ. ಒಳಗಿದ್ದ ಮೇಷ್ಟ್ರು ‘ಆಯ್ತೇನಮ್ಮ?’ ಅಂತ ಕೂಗಿದ್ದು ಹೊರಗೆ ನಮಗೂ ಕೇಳಿಸಿತು. ಹೊರಗೆ ಬಂದಾಗ ಒಂದು ಕಡೆ ಅಪ್ಪ, ಇನ್ನೊಂದು ಕಡೆ ಹಲಸಿನ ಮರದ ಕೆಳಗೆ ಚಿಕ್ಕಪ್ಪ. ಇಬ್ಬರೂ ಅಮ್ಮನ ಮುಖ ನೋಡಿದರು. ಅಮ್ಮ ಸೆರಗು ಸರಿಮಾಡಿಕೊಂಡು, ‘ಕೊಟ್ಟಿಗೆ ಕೆಲಸ ಇದೆ’ ಅಂತ ಇಬ್ಬರನ್ನೂ ದಾಟಿ ನಡೆದುಬಿಟ್ಟರು.

ಚಿಕ್ಕಪ್ಪ ಅವತ್ತೇ ಮಧ್ಯಾಹ್ನದ ಬಸ್ಸಿಗೆ ಹೊರಟರು. ಅಮ್ಮ ಬಾಳೆಲೆಯಲ್ಲಿ ಕಡುಬು ಕಟ್ಟಿ ನನ್ನ ಕೈಗೆ ಕೊಟ್ಟು ಓಡಿಸಿದರು. ಸಂಕ ದಾಟಿ, ಏರು ಹತ್ತಿ, ಬಸ್ಸು ಸ್ಟಾರ್ಟ್ ಆಗುವ ಹೊತ್ತಿಗೆ ಮುಟ್ಟಿಸಿದೆ. ಚಿಕ್ಕಪ್ಪ ತಗೊಂಡರು. ಏನೂ ಹೇಳಲಿಲ್ಲ.

ಫಲಿತಾಂಶ ಬಂತು. ಇಂದಿರಾ ಗಾಂಧಿ 2,49,376. ವೀರೇಂದ್ರ ಪಾಟೀಲ 1,72,043. ಅಂತರ 77,333. ರೇಡಿಯೋದಲ್ಲಿ ಕೇಳಿದ ಈ ಕೊನೆ ಅಂಕಿಯನ್ನು ಅಪ್ಪ ಅಡಿಕೆ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಊರಲ್ಲಿ ಪಟಾಕಿ. ನಮ್ಮ ಮನೆಯಲ್ಲಿ ಅಪ್ಪ ಒಬ್ಬರೇ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಗೆದ್ದವರ ಮುಖ ಹಾಗಿರಲ್ಲ ಅಂತ ಎಂಟು ವರ್ಷದ ನನಗೂ ಗೊತ್ತಾಗಿತ್ತು.

ಇಷ್ಟೆಲ್ಲ ಮಾಡಿ ಕಳಿಸಿದ ಸಂಸದೆ ನಮಗೆ ಉಳಿದಿದ್ದು ಎಷ್ಟು ದಿನ? ಡಿಸೆಂಬರ್ 19ಕ್ಕೆ ಲೋಕಸಭೆ ಅವರನ್ನು ಉಚ್ಚಾಟಿಸಿತು. ಮಾರುತಿ ಕಂಪನಿ ಕುರಿತು ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಪ್ರಧಾನಿಯಾಗಿದ್ದಾಗ ತೊಂದರೆ ಕೊಟ್ಟರು, ಅದು ಹಕ್ಕುಚ್ಯುತಿ ಅಂತ. ಒಂದು ವಾರ ತಿಹಾರ್ ಜೈಲಲ್ಲಿಟ್ಟರು. ನಮ್ಮ ಕ್ಷೇತ್ರಕ್ಕೆ ಸಂಸದರೇ ಇಲ್ಲದಂತಾಯಿತು, 1980ರ ಜನವರಿಯವರೆಗೂ. ಆ ಚುನಾವಣೆಯಲ್ಲಿ ಅವರು ರಾಯ್‌ಬರೇಲಿಯಲ್ಲೂ ಆಂಧ್ರದ ಮೇದಕ್‌ನಲ್ಲೂ ನಿಂತು ಗೆದ್ದು ಮೇದಕ್ ಉಳಿಸಿಕೊಂಡರು. ಚಿಕ್ಕಮಗಳೂರಿನಲ್ಲಿ ನಿಲ್ಲಲಿಲ್ಲ. ಉಚ್ಚಾಟನೆಯ ನಿರ್ಣಯವನ್ನು ಮುಂದಿನ ಲೋಕಸಭೆ 1981ರಲ್ಲಿ ರದ್ದು ಮಾಡಿತು ಅನ್ನೋದು ಬೇರೆ ಮಾತು. ನಮಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ.

ಅದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿದೆ. 1979ರಲ್ಲಿ ಅರಸು ಮತ್ತು ಇಂದಿರಾ ಬೇರೆಯಾದರು. ವೀರೇಂದ್ರ ಪಾಟೀಲರು ಹೋಗಿ ಇಂದಿರಾ ಪಕ್ಷವನ್ನೇ ಸೇರಿ, 1980ರಲ್ಲಿ ಅವರ ಸಂಪುಟದಲ್ಲಿ ಮಂತ್ರಿಯೂ ಆದರು! ಸೀಟು ಬಿಟ್ಟುಕೊಟ್ಟಿದ್ದ ಚಂದ್ರೇಗೌಡರು ಮುಂದೆ ಜನತಾ ಪಕ್ಷಕ್ಕೆ ಹೋಗಿ ವಿಧಾನಸಭೆಯ ಸ್ಪೀಕರ್ ಆದರು, ಮತ್ತೆ ಕಾಂಗ್ರೆಸ್ಸಿಗೆ ಬಂದು ಕಾನೂನು ಮಂತ್ರಿ, ಕೊನೆಗೆ 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದ. ಅಪ್ಪನಿಗೆ ಭೂಮಿ ಕೊಟ್ಟ ಅರಸು ಒಂದು ಕಡೆ, ಅಪ್ಪ ವೋಟು ಕೊಟ್ಟ ಇಂದಿರಾ ಒಂದು ಕಡೆ. ಚಿಕ್ಕಪ್ಪ ಯಾರಿಗಾಗಿ ಎಲೆ ಬಿಟ್ಟು ಎದ್ದರೋ ಅವರು, ಯಾರನ್ನು ಕಂಡರೆ ಉರಿದು ಬೀಳುತ್ತಿದ್ದರೋ ಅವರ ಪಕ್ಕದಲ್ಲಿ. ನಾಯಕರೆಲ್ಲ ಜಾಗ ಬದಲಿಸಿಕೊಂಡು ಆರಾಮಾಗಿದ್ದರು. ಅಪ್ಪ ಮತ್ತು ಚಿಕ್ಕಪ್ಪ ಮಾತ್ರ ಅಂದು ಬಿಟ್ಟ ಜಾಗದಲ್ಲೇ ನಿಂತಿದ್ದರು. ಚಿಕ್ಕಪ್ಪ ದಾವಣಗೆರೆ ಕಡೆ ಮೇಷ್ಟ್ರ ಕೆಲಸಕ್ಕೆ ಸೇರಿದರು. ಅಜ್ಜಿ ತೀರಿಕೊಂಡಾಗ ಬಂದರು, ಹದಿಮೂರು ದಿನ ಇದ್ದರು. ‘ನಿಮ್ಮಪ್ಪನಿಗೆ ಹೇಳು’, ‘ನಿನ್ನ ಚಿಕ್ಕಪ್ಪನಿಗೆ ಹೇಳು’ ಅಂತ ನನ್ನ ಮೂಲಕವೇ ಮಾತು.

ಕ್ಷೇತ್ರದಲ್ಲಿ 1980ರಲ್ಲಿ ಇಂದಿರಾ ಕಾಂಗ್ರೆಸ್ಸಿನ ಡಿ.ಎಂ. ಪುಟ್ಟೇಗೌಡರು ಗೆದ್ದರು. 1984ರಲ್ಲಿ ಡಿ.ಕೆ. ತಾರಾದೇವಿ. ಆ ವರ್ಷ ಅಕ್ಟೋಬರ್ 31ರಂದು ಇಂದಿರಾ ಹತ್ಯೆಯ ಸುದ್ದಿ ಬಂದಾಗ ಅಮ್ಮ ದೇವರ ಮನೆಯಲ್ಲಿ ಒಂದು ದೀಪ ಹೆಚ್ಚಿಗೆ ಹಚ್ಚಿದರು. ಅಪ್ಪ ಗೆದ್ದವರ ಹಾಗೆ ನನ್ನ ಕಡೆ ನೋಡಿ, ‘ನೋಡು, ನಿಮ್ಮಮ್ಮ ಅವತ್ತು ಹಸ್ತಕ್ಕೇ ಒತ್ತಿದ್ದು’ ಅಂದರು. ಒಳಗಿಂದ ಅಮ್ಮ, ‘ಸತ್ತವರಿಗೆ ದೀಪ ಹಚ್ಚೋಕೆ ವೋಟು ಹಾಕಿರ್ಬೇಕು ಅಂತ ಉಂಟಾ?’ ಅಂದರು. ಅಪ್ಪ ತೆಪ್ಪಗಾದರು.

1989ಕ್ಕೆ ನನಗೆ ಹತ್ತೊಂಬತ್ತು. ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದಿದ್ದು ಅದೇ ವರ್ಷ. ಹಾಸ್ಟೆಲಿನಿಂದ ಊರಿಗೆ ಬಂದು, ಅದೇ ಮೂರನೇ ಕ್ಲಾಸಿನ ಕೋಣೆಯಲ್ಲಿ ನನ್ನ ಮೊದಲ ಠಸ್ಸೆ ಒತ್ತಿದೆ. ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೇ. ಪುಟ್ಟೇಗೌಡರು ಮತ್ತೆ ಗೆದ್ದರು. ರಾಜ್ಯದಲ್ಲಿ ಕಾಂಗ್ರೆಸ್ ಭರ್ಜರಿಯಾಗಿ ಗೆದ್ದು ಮುಖ್ಯಮಂತ್ರಿಯಾದವರು ಯಾರು? ವೀರೇಂದ್ರ ಪಾಟೀಲರು.

ಡಿಸೆಂಬರಿನ ಒಂದು ಬೆಳಿಗ್ಗೆ ಅಪ್ಪ ಇನ್‌ಲ್ಯಾಂಡ್ ಪತ್ರ ತಂದು ನನ್ನ ಮುಂದೆ ಇಟ್ಟು, ‘ಬರಿ’ ಅಂದರು. ಹೇಳಿದ್ದು ಮೂರೇ ಸಾಲು. ‘ನಿನ್ನ ಪಾಟೀಲರು ಗೆದ್ದರು. ಈ ಸಲ ನಾನೂ ಅವರಿಗಾಗಿಯೇ ಒತ್ತಿದ್ದೇನೆ. ಸಂಕ್ರಾಂತಿಗೆ ಬಾ.’ ವಿಳಾಸ ಅವರಿಗೆ ಬಾಯಿಪಾಠ ಬರುತ್ತಿತ್ತು. ಹನ್ನೊಂದು ವರ್ಷದಲ್ಲಿ ಒಂದು ಪತ್ರ ಬರೆಯದವರಿಗೆ ಪಿನ್‌ಕೋಡ್ ಸಹಿತ ಹೇಗೆ ಗೊತ್ತಿತ್ತೋ.

ಚಿಕ್ಕಪ್ಪ ಬಂದರು. ಹೆಂಡತಿ, ಎರಡು ಮಕ್ಕಳು, ಒಂದು ಚೀಲ ದಾವಣಗೆರೆ ಮಂಡಕ್ಕಿ. ಅಣ್ಣ ತಮ್ಮ ಇಬ್ಬರೂ ಅಡಿಕೆ ರೇಟು ಮಾತಾಡಿದರು, ಮಳೆ ಮಾತಾಡಿದರು. ಊಟಕ್ಕೆ ಪಕ್ಕಪಕ್ಕ ಎಲೆ ಹಾಕಿದ್ದು ಅಮ್ಮ. ಬಡಿಸುತ್ತಾ ಇದ್ದಾಗ ಚಿಕ್ಕಪ್ಪ ತಲೆಯೆತ್ತಿ, ‘ಅತ್ತಿಗೆ, ಈಗಲಾದ್ರೂ ಹೇಳಿ. ಅವತ್ತು ಯಾರಿಗೆ ಹಾಕಿದ್ರಿ?’ ಅಂದರು. ಅಪ್ಪನ ಕೈ ಎಲೆಯ ಮೇಲೇ ನಿಂತಿತು. ‘ತುಪ್ಪ ಹಾಕ್ಸಿಕೊಳ್ಳಿ, ಅನ್ನ ಆರ್ತದೆ’ ಅಂದರು ಅಮ್ಮ. ಮರುವರ್ಷ ಅಕ್ಟೋಬರಿನಲ್ಲಿ, ಕಾಯಿಲೆ ಬಿದ್ದಿದ್ದ ಪಾಟೀಲರನ್ನು ರಾಜೀವ್ ಗಾಂಧಿ ವಿಮಾನ ನಿಲ್ದಾಣದಲ್ಲಿ ನಿಂತು ಕೆಳಗಿಳಿಸಿದ ಸುದ್ದಿ ಓದಿ ಅಮ್ಮ ‘ಅಯ್ಯೋ ಪಾಪ, ಮಲಗಿದವರನ್ನ’ ಅಂದಿದ್ದನ್ನು ನಾನು ಪತ್ರದಲ್ಲಿ ಬರೆದೆ. ಚಿಕ್ಕಪ್ಪ ಅದನ್ನೇ ಸಾಕ್ಷಿ ಮಾಡಿಕೊಂಡರು.

ಆಮೇಲಿನದನ್ನು ಬೇಗ ಹೇಳಿ ಮುಗಿಸ್ತೀನಿ. 1991ರಲ್ಲಿ ತಾರಾದೇವಿ ಮತ್ತೆ ಗೆದ್ದು ನರಸಿಂಹ ರಾಯರ ಸರ್ಕಾರದಲ್ಲಿ ಆರೋಗ್ಯ ಖಾತೆಯ ರಾಜ್ಯ ಸಚಿವೆಯಾದರು. 1996ರಲ್ಲಿ ಜನತಾದಳದ ಬಿ.ಎಲ್. ಶಂಕರ್. ದೇವೇಗೌಡರ ಅಲೆಯ ವರ್ಷ, ರಾಜ್ಯದಲ್ಲಿ ದಳಕ್ಕೆ 16 ಸೀಟು. ಅಷ್ಟರಲ್ಲಿ ಬಾಬಾಬುಡನ್‌ಗಿರಿಯ ವಿವಾದ ಜಿಲ್ಲೆಯ ರಾಜಕೀಯದ ನಡುಮನೆಗೆ ಬಂದಿತ್ತು. ಗೇಣಿ, ಡಿಕ್ಲರೇಷನ್ ಅಂತ ವಾದ ಮಾಡುತ್ತಿದ್ದ ಊರಿನವರು ಬೇರೆ ವಿಷಯ ಹಿಡಿದು ವಾದ ಮಾಡೋಕೆ ಶುರು ಮಾಡಿದರು. 1998, 1999, 2004 ಮೂರು ಸಲವೂ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ. ಭೂಮಿ ಸಿಕ್ಕಿದವರ ಮಕ್ಕಳಿಗೆ ಭೂಮಿ ಸಿಕ್ಕಿದ ಕತೆ ಬೇಡವಾಗಿತ್ತು. ಅದರಲ್ಲಿ ತಪ್ಪೇನಿದೆ ಅಂತಲೂ ಅನ್ನಿಸುತ್ತೆ. ಅಜ್ಜನ ಸಾಲಕ್ಕೆ ಮೊಮ್ಮಗ ಎಷ್ಟು ಸಲ ವೋಟು ಕಟ್ಟಬೇಕು?

2006ರಲ್ಲಿ ಅಪ್ಪ ಹೋದರು. ಎರಡೇ ವರ್ಷಕ್ಕೆ ಅವರ ಕ್ಷೇತ್ರವೂ ಹೋಯಿತು. ಪುನರ್ವಿಂಗಡಣೆಯಲ್ಲಿ ಘಟ್ಟದ ಮೇಲಿನ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ, ಘಟ್ಟದ ಕೆಳಗಿನ ಉಡುಪಿ, ಕಾಪು, ಕುಂದಾಪುರ, ಕಾರ್ಕಳ ಸೇರಿ ‘ಉಡುಪಿ-ಚಿಕ್ಕಮಗಳೂರು’ ಆಯಿತು. ಕಡೂರು ಹಾಸನಕ್ಕೆ ಹೋಯಿತು. ಎಮ್ಮೆದೊಡ್ಡಿಯ ಬಯಲಿಗೂ ನಮಗೂ ಇದ್ದ ಸಂಬಂಧ ಕಡಿದು, ಮಲ್ಪೆಯ ಮೀನಿನ ಬಂದರಿಗೂ ನಮಗೂ ಒಬ್ಬರೇ ಸಂಸದರು. 2009ರಲ್ಲಿ ಡಿ.ವಿ. ಸದಾನಂದ ಗೌಡರು. ಅವರು ಮುಖ್ಯಮಂತ್ರಿಯಾದ ಮೇಲೆ 2012ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆ. 2014, 2019ರಲ್ಲಿ ಶೋಭಾ ಕರಂದ್ಲಾಜೆ, ಎರಡನೇ ಸಲ ಮೂರು ಲಕ್ಷಕ್ಕೂ ಮೇಲಿನ ಅಂತರ. 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ. ಸುಳ್ಯ, ಪುತ್ತೂರು, ಕುಂದಾಪುರ, ಕೋಟ, ಎಲ್ಲ ಕೆಳಗಿನವರೇ. ಅವರು ಒಳ್ಳೆಯವರಲ್ಲ ಅಂತ ಅಲ್ಲ. ಆದರೆ ಆನೆ ಗದ್ದೆಗಿಳಿದ ರಾತ್ರಿ, ಅಡಿಕೆಗೆ ಹಳದಿ ಎಲೆ ರೋಗ ಬಂದ ವರ್ಷ, ಹೇಳಿಕೊಳ್ಳೋಕೆ ಆಗುಂಬೆ ಘಾಟಿ ಇಳಿಯಬೇಕು. ಒಂದು ಸಂಗತಿ ಹೇಳ್ತೀನಿ, ನಂಬ್ತೀರೋ ಇಲ್ವೋ. ಪ್ರಧಾನಿಯಾಗಿದ್ದವರನ್ನು, ಮತ್ತೆ ಪ್ರಧಾನಿಯಾಗುವವರನ್ನು ಗೆಲ್ಲಿಸಿ ಕಳಿಸಿದ ಚಿಕ್ಕಮಗಳೂರು ಪಟ್ಟಣಕ್ಕೆ ಕಡೂರಿನಿಂದ ರೈಲು ಬಂದಿದ್ದು 2013ರ ನವೆಂಬರಿನಲ್ಲಿ. ಆ ಉಪಚುನಾವಣೆಯಾಗಿ ಸರಿಯಾಗಿ 35 ವರ್ಷಕ್ಕೆ.

ಇನ್ನೊಂದನ್ನು ಲೆಕ್ಕ ಹಾಕಿದ್ದು ಮಗಳು. 1967ರಿಂದ ಈವರೆಗೆ ಉಪಚುನಾವಣೆಯೂ ಸೇರಿ 17 ಚುನಾವಣೆ, ಅದರಲ್ಲಿ ಐದು ಸಲ ಹೆಂಗಸರು ಗೆದ್ದಿದ್ದಾರೆ: ಇಂದಿರಾ ಒಂದು, ತಾರಾದೇವಿ ಎರಡು, ಶೋಭಾ ಎರಡು. ‘ಪರವಾಗಿಲ್ವಲ್ಲಮ್ಮ ನಿಮ್ಮೂರು’ ಅಂದಳು. ಪರವಾಗಿಲ್ಲ. ಆದರೆ ಆ ಐವತ್ತು ಚಿಲ್ಲರೆ ವರ್ಷದಲ್ಲಿ ನಮ್ಮನೆ ಜಗಲಿಯಲ್ಲಿ ಕೂತು ರಾಜಕೀಯ ಮಾತಾಡಿದ ಹೆಂಗಸರು ಎಷ್ಟು ಅಂತ ಅವಳು ಕೇಳಲಿಲ್ಲ. ಕಾಫಿ ಲೋಟ ತಂದಿಟ್ಟು ಒಳಗೆ ಹೋದವರನ್ನು ಮಾತ್ರ ನಾನು ನೋಡಿದ್ದು.

2024ರ ಏಪ್ರಿಲ್ 26ಕ್ಕೆ ನಾನು ಊರಲ್ಲಿದ್ದೆ. ಅಮ್ಮನಿಗೆ ಎಂಬತ್ತಾರು. ನಿವೃತ್ತರಾದ ಮೇಲೆ ಚಿಕ್ಕಪ್ಪ ಊರಿಗೇ ಬಂದು ಮೇಲಿನ ಮನೆ ಕಟ್ಟಿಕೊಂಡಿದ್ದಾರೆ. ಅವರಿಗೂ ಎಪ್ಪತ್ತು ದಾಟಿದೆ. ಎಂಬತ್ತೈದು ದಾಟಿದವರು ಮನೆಯಲ್ಲೇ ವೋಟು ಹಾಕಬಹುದು ಅಂತ ಈ ಸಲ ಆಯೋಗ ಅವಕಾಶ ಕೊಟ್ಟಿತ್ತು. ಅರ್ಜಿ ಹಿಡಿದುಕೊಂಡು ಬಿಎಲ್‌ಒ ಮನೆಗೆ ಬಂದಿದ್ದರು. ಅಮ್ಮ ಬೇಡವೇ ಬೇಡ ಅಂದುಬಿಟ್ಟರು. ‘ನಾಲ್ಕು ಜನ ಬಂದು ಜಗಲಿ ಮೇಲೆ ಕೂತ್ರೆ ಗುಟ್ಟು ಎಲ್ಲಿ ಉಳೀತದೆ? ನಾನು ಶಾಲೆಗೇ ಬರ್ತೀನಿ.’

ಬಿಸಿಲು ಏರುವ ಮೊದಲೇ ಕಾರಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಹೋದೆ. ಹಲಸಿನ ಮರ ಇಲ್ಲ, ಅಲ್ಲಿ ಈಗ ನೀರಿನ ಟ್ಯಾಂಕು. ಮೂರನೇ ಕ್ಲಾಸಿನಲ್ಲಿ ಮಕ್ಕಳೇ ಇಲ್ಲ ಅಂತ ಆ ಕೋಣೆಯನ್ನು ಉಗ್ರಾಣ ಮಾಡಿದ್ದಾರೆ, ಬೂತು ಪಕ್ಕದ್ದು. ಅಮ್ಮ ನನ್ನ ಕೈ ಬಿಡಿಸಿಕೊಂಡು, ಕೋಲೂರಿಕೊಂಡು, ರಟ್ಟಿನ ಮರೆಗೆ ಒಬ್ಬರೇ ಹೋದರು. ಈಗ ಠಸ್ಸೆ ಇಲ್ಲ, ಗುಂಡಿ. ಒಂದು ನಿಮಿಷ ಕಾದೆವು. ಎರಡು ನಿಮಿಷ ಆಯಿತು. ಆಮೇಲೆ ‘ಬೀಪ್’ ಅಂತ ಉದ್ದಕ್ಕೆ ಕೂಗಿತು. ಬಾಗಿಲಲ್ಲಿದ್ದ ಪೊಲೀಸ್ ಹುಡುಗ ನಕ್ಕ.

ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಚಿಕ್ಕಪ್ಪ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ‘ಅತ್ತಿಗೆ, ಅಣ್ಣ ಹೋಗಿ ಹದಿನೆಂಟು ವರ್ಷ ಆಯ್ತು. ಇಂದಿರಾ ಇಲ್ಲ, ಪಾಟೀಲರಿಲ್ಲ, ಅರಸು ಇಲ್ಲ. ಹೋದ ವರ್ಷ ಚಂದ್ರೇಗೌಡರೂ ಹೋದ್ರು. ಇನ್ನು ಯಾರಿಗೂ ಬೇಜಾರಾಗಲ್ಲ. 78ರಲ್ಲಿ ನೀವು ಹಾಕಿದ್ದು ಯಾರಿಗೆ?’

ನಾನು ಕನ್ನಡಿಯಲ್ಲಿ ಅಮ್ಮನ ಮುಖ ನೋಡಿದೆ. ಅವರು ಬೆರಳಿನ ಶಾಯಿಯನ್ನು ಸೆರಗಿನಿಂದ ಒರೆಸಿ ನೋಡುತ್ತಿದ್ದರು, ಹೋಗುತ್ತಾ ಇಲ್ವಾ ಅಂತ.

‘ನೀನು ಇವತ್ತೂ ಬರೀ ಹೊಟ್ಟೇಲಿ ಬಂದಿದ್ದೀಯ, ಗೊತ್ತು ನಂಗೆ’ ಅಂದರು. ‘ಮನೆಗೆ ಬಾ. ಕಡುಬು ಮಾಡಿಟ್ಟಿದೀನಿ.’